ಕುಣಿಯುವವಳು ಓದಲು ಕುಳಿತಾಗ

ನರ್ತನವನ್ನೇ ಜೀವನವೃತ್ತಿಯಾಗಿ ಹಿಡಿದವರಿಗೆ ಗ್ರಂಥಗಳ ಗೊಡವೆ ಏತಕ್ಕೆ ಎಂದು ಕೇಳುವವರು ಇಂದಿಗೂ ಉಂಟು. ಮಗಳನ್ನು ಭರತನಾಟ್ಯದ ಪಾಠಕ್ಕೆ ಕಳುಹಿಸುವ ತಾಯಿತಂದೆಯರು ಅಡವುಗಳು ತಪ್ಪಿಲ್ಲದೆ ಬಂದರೆ ಸಾಕು, ರಂಗಪ್ರವೇಶ ಸಾಂಗವಾಗಿ ನೆರವೇರಿದರೆ ಸಾಕು ಎನ್ನುತ್ತಾರೆ. ಗುರುಗಳಲ್ಲಿ ಅನೇಕರ ಅಭಿಪ್ರಾಯವೂ ಇದೇ. ತಟ್ಟುಮಣೆಯ ಮುಂದೆ ಕೋಲು ಹಿಡಿದು ಕುಳಿತವರು ಹೇಳುವುದು ಒಂದೇ ಮಾತು: ತೋರಿಸಿದ ಹಾಗೆ ಮಾಡು, ಏಕೆಂದು ಕೇಳಬೇಡ. ಈ ಮಾತಿನಲ್ಲಿ ದರ್ಪವಿದೆಯೆಂದು ಆಧುನಿಕರಿಗೆ ತೋರಬಹುದು. ಆದರೆ ಅದರಲ್ಲಿ ಅನುಭವದ ಸಾರವೂ ಇದೆ. ಹತ್ತು ವರ್ಷದ ಹುಡುಗಿಗೆ ಅರೆಮಂಡಿಯ ಕಾರಣವನ್ನು ವಿವರಿಸುತ್ತ ಕುಳಿತರೆ ಅರೆಮಂಡಿ ಬಾರದು. ಮಂಡಿ ನೋಯಬೇಕು, ನೋವು ಆರಬೇಕು, ಮತ್ತೆ ನೋಯಬೇಕು. ದೇಹ ಕಲಿಯುವ ದಾರಿಯೇ ಬೇರೆ.

ತೊಡಕು ಬರುವುದು ಆಮೇಲೆ. ಕಲಿತದ್ದು ಮೈಗೆ ಹತ್ತಿ, ವೇದಿಕೆ ಪಳಗಿ, ಹೆಸರೂ ಸ್ವಲ್ಪ ಬಂದ ಮೇಲೆ ಒಂದು ದಿನ ನರ್ತಕಿಯ ಮನಸ್ಸಿನಲ್ಲಿ ಪ್ರಶ್ನೆ ಏಳುತ್ತದೆ: ತಾನು ಮಾಡುತ್ತಿರುವುದು ಏನು? ಇದು ಎಲ್ಲಿಂದ ಬಂತು? ಎರಡು ಸಾವಿರ ವರ್ಷಗಳ ಪುರಾತನ ಕಲೆ ಎಂದು ಸಭೆಯ ನಿರೂಪಕರು ಧ್ವನಿವರ್ಧಕದ ಮುಂದೆ ಸಾರುವಾಗ, ಪರದೆಯ ಹಿಂದೆ ಗೆಜ್ಜೆ ಕಟ್ಟಿ ನಿಂತವಳಿಗೆ ಅದು ನಿಜವೆಂದು ಗೊತ್ತೆ? ಗೊತ್ತಿಲ್ಲದೆ ತಲೆದೂಗುವುದು ಸರಿಯೆ? ಈ ಪ್ರಶ್ನೆಯನ್ನು ಅಲ್ಲಿಯೇ ಅದುಮಿ ಮುಂದಿನ ಕಾರ್ಯಕ್ರಮಕ್ಕೆ ಅಣಿಯಾಗುವವರೇ ಹೆಚ್ಚು. ಕೆಲವರು ಮಾತ್ರ ಓದಲು ಕುಳಿತರು. ಅವರ ಓದು ಎಂತಹುದು, ಅದು ಅವರ ಕುಣಿತವನ್ನು ಏನು ಮಾಡಿತು ಎಂಬುದು ವಿಚಾರಿಸಿ ನೋಡತಕ್ಕ ಸಂಗತಿ.

ಅವರಿಗಿಂತ ಮೊದಲು ಓದಿದವರಿದ್ದರು. ಆದರೆ ಅವರು ಕುಣಿದವರಲ್ಲ. ಭರತನ ನಾಟ್ಯಶಾಸ್ತ್ರ ನಮ್ಮ ಕಾಲಕ್ಕೆ ಮರಳಿ ಬಂದ ಬಗೆಯನ್ನೇ ನೋಡಬಹುದು. 1865ರಲ್ಲಿ ಫಿಟ್ಜ್ ಎಡ್ವರ್ಡ್ ಹಾಲ್ ಎಂಬ ಅಮೆರಿಕದ ಸಂಸ್ಕೃತ ವಿದ್ವಾಂಸ ದಶರೂಪಕವನ್ನು ಅಚ್ಚುಮಾಡಿಸಿದಾಗ, ನಾಟ್ಯಶಾಸ್ತ್ರದ ಕೆಲವು ಅಧ್ಯಾಯಗಳನ್ನು ಅದರ ಕೊನೆಗೆ ಸೇರಿಸಿದ. 1894ರಲ್ಲಿ ಮುಂಬಯಿಯ ಕಾವ್ಯಮಾಲೆಯಲ್ಲಿ ಗ್ರಂಥ ಹೊರಬಂತು. 1926ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯವರು ಅಭಿನವಗುಪ್ತನ ವ್ಯಾಖ್ಯಾನವನ್ನೂ ಕೂಡಿಸಿಕೊಂಡು ಮೊದಲ ಸಂಪುಟವನ್ನು ಪ್ರಕಟಿಸಿದರು. ಅದರ ಸಂಪಾದಕರು ಮಾನವಲ್ಲಿ ರಾಮಕೃಷ್ಣ ಕವಿಗಳು. ಅಕ್ಷರ ಅಕ್ಷರಕ್ಕೂ ಕಣ್ಣು ಸವೆಸಿದ ಈ ಪಂಡಿತರ ಋಣ ದೊಡ್ಡದು. ಅವರಿಲ್ಲದಿದ್ದರೆ ಓದುವುದಕ್ಕೆ ಪುಸ್ತಕವೇ ಇರುತ್ತಿರಲಿಲ್ಲ. ಆದರೂ ಮೇಜಿನ ಮುಂದೆ ಕುಳಿತು ಓದಿದಾಗ ಕಾಣುವುದಕ್ಕೂ, ಎದ್ದು ನಿಂತು ಓದಿದಾಗ ಕಾಣುವುದಕ್ಕೂ ವ್ಯತ್ಯಾಸವಿದೆ.

ಆ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ 108 ಕರಣಗಳ ಲಕ್ಷಣ ಬರುತ್ತದೆ. ಕೈಯೂ ಕಾಲೂ ಒಂದಾಗಿ ಕೂಡಿದ ನೃತ್ತದ ಘಟಕಕ್ಕೆ ಕರಣವೆಂದು ಹೆಸರು. ತಲಪುಷ್ಪಪುಟದಿಂದ ಮೊದಲಾಗಿ ಗಂಗಾವತರಣದವರೆಗೆ ಒಂದೊಂದಕ್ಕೂ ಒಂದು ಚಿಕ್ಕ ವಿವರಣೆ. ಬಹುಮಟ್ಟಿಗೆ ಒಂದೇ ಶ್ಲೋಕ. ಮೊದಲನೆಯದನ್ನೇ ತೆಗೆದುಕೊಳ್ಳೋಣ. ಹೂಗಳನ್ನು ತುಂಬಿಕೊಂಡ ಬೊಗಸೆಯಂತೆ ಕೈಗಳು ಎಡಪಕ್ಕದಲ್ಲಿ ಇರಬೇಕು, ಕಾಲು ಹಿಮ್ಮಡಿಯನ್ನೆತ್ತಿ ಮುಂಗಾಲಿನ ಮೇಲೆ ನಿಲ್ಲಬೇಕು, ಪಕ್ಕ ಬಾಗಿರಬೇಕು. ಇಷ್ಟೇ. ಪಂಡಿತನಿಗೆ ಇಷ್ಟು ಸಾಕು. ಪದಗಳ ಅರ್ಥವಾಯಿತು, ಅನ್ವಯವಾಯಿತು, ಪಾಠಾಂತರವನ್ನು ಅಡಿಟಿಪ್ಪಣಿಗೆ ಹಾಕಿ ಮುಂದಿನ ಶ್ಲೋಕಕ್ಕೆ ಹೋಗಬಹುದು. ನರ್ತಕಿ ಹಾಗೆ ಹೋಗಲಾರಳು. ಆ ಕಾಲು ಅಲ್ಲಿಗೆ ಬರುವ ಮುನ್ನ ಎಲ್ಲಿತ್ತು? ಮೈಯ ಭಾರ ಯಾವ ಪಾದದ ಮೇಲೆ? ಕೈಗಳು ನೇರವಾಗಿ ಎಡಕ್ಕೆ ಬಂದವೋ, ಬಳಸಿ ಬಂದವೋ? ಮೊದಲು ಬಾಗಿದ್ದು ಸೊಂಟವೋ ಭುಜವೋ? ಉಸಿರು ಒಳಗೋ ಹೊರಗೋ? ಶ್ಲೋಕ ಇವುಗಳಿಗೆ ಬಾಯಿ ಬಿಡುವುದಿಲ್ಲ. ಬಿಡದಿರುವುದು ಶಾಸ್ತ್ರಕಾರನ ತಪ್ಪೂ ಅಲ್ಲ. ಅವನ ಎದುರಿಗೆ ಕುಳಿತು ಕೇಳಿದವರಿಗೆ ಅವೆಲ್ಲ ಗೊತ್ತಿದ್ದವು. ಅಡುಗೆ ಬಲ್ಲ ಅಜ್ಜಿ ಮೊಮ್ಮಗಳಿಗೆ ಸಾರಿನ ಪಾಕ ಹೇಳುವಾಗ ಒಲೆ ಹೊತ್ತಿಸು ಎಂದು ಹೇಳುತ್ತಾಳೆಯೆ?

ಗ್ರಂಥ ಮೌನವಾದೆಡೆ ಕಲ್ಲು ಮಾತನಾಡೀತೆಂದು ವಿದ್ವಾಂಸರು ದೇವಾಲಯಗಳತ್ತ ತಿರುಗಿದರು. ತಮಿಳುನಾಡಿನಲ್ಲಿ ಕರಣಶಿಲ್ಪಗಳ ಸಾಲು ಹಲವು ಕಡೆ ಉಂಟು: ತಂಜಾವೂರು, ಕುಂಭಕೋಣ, ಚಿದಂಬರ, ತಿರುವಣ್ಣಾಮಲೈ, ವೃದ್ಧಾಚಲ. ತಂಜಾವೂರಿನಲ್ಲಿ ರಾಜರಾಜ ಚೋಳ ಕಟ್ಟಿಸಿ 1010ರಲ್ಲಿ ಮುಗಿಸಿದ ಬೃಹದೀಶ್ವರಾಲಯದ ಮೇಲಂತಸ್ತಿನ ಒಳಪ್ರದಕ್ಷಿಣಪಥದಲ್ಲಿ, ಸಾಮಾನ್ಯ ಯಾತ್ರಿಕರ ಕಣ್ಣಿಗೆ ಸುಲಭವಾಗಿ ಬೀಳದ ಎಡೆಯಲ್ಲಿ, ನಾಲ್ಕು ಕೈಗಳ ಶಿವ ಕರಣ ಕರಣವನ್ನೂ ತಾನೇ ಆಡಿ ತೋರಿಸುತ್ತಾನೆ. 81 ಮುಗಿದಿವೆ. ಉಳಿದ 27ಕ್ಕೆಂದು ಇಟ್ಟ ಕಲ್ಲುಗಳು ಉಳಿ ಮುಟ್ಟದೆ ಹಾಗೆಯೇ ಉಳಿದುಕೊಂಡಿವೆ. ಚಿದಂಬರದ ಗೋಪುರದ್ವಾರಗಳಲ್ಲಿ ಆಡುವವರು ಸ್ತ್ರೀಯರು. ಪೂರ್ವಗೋಪುರದಲ್ಲಿ ಆಯಾ ಕರಣದ ಶ್ಲೋಕವನ್ನೂ ಕಲ್ಲಿನ ಮೇಲೆಯೇ ಬರೆಸಿದ್ದಾರೆ. ಸಂಶೋಧಕನಿಗೆ ಇದಕ್ಕಿಂತ ಭಾಗ್ಯ ಬೇಕೆ? ಒಂದು ಸೋಜಿಗವನ್ನೂ ಇಲ್ಲಿ ಹೇಳಬಹುದು. ತಂಜಾವೂರಿನ ಶಿಲ್ಪಿಗಳು ಕರಣಗಳನ್ನು ಕಡೆಯುತ್ತಿದ್ದ ಕಾಲದ ಆಸುಪಾಸಿನಲ್ಲಿಯೇ ದೂರದ ಕಾಶ್ಮೀರದಲ್ಲಿ ಅಭಿನವಗುಪ್ತ ಬದುಕಿದ್ದ. ಅವನು ಮಾತಿನಲ್ಲಿ ವ್ಯಾಖ್ಯಾನ ಬರೆದ, ಇವರು ಕಲ್ಲಿನಲ್ಲಿ ಬರೆದರು. ಎರಡೂ ವ್ಯಾಖ್ಯಾನಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡುವ ಅವಕಾಶ ಒಂಬೈನೂರು ವರ್ಷಗಳ ಮೇಲೆ ಒದಗಿತು.

ಬರೋಡೆಯ ಸಂಪುಟದಲ್ಲಿ ಚಿದಂಬರದ ಶಿಲ್ಪಚಿತ್ರಗಳನ್ನು ಅಚ್ಚು ಮಾಡಿದರು. ಶ್ಲೋಕದ ಮಗ್ಗುಲಲ್ಲಿ ಚಿತ್ರ ನಿಂತ ಕೂಡಲೇ ಓದುವವರ ಮನಸ್ಸಿನಲ್ಲಿ ಒಂದು ಭಾವನೆ ಬೇರೂರಿತು: ಕರಣವೆಂದರೆ ಒಂದು ನಿಲುವು, ಒಂದು ಭಂಗಿ. ಹಾಗೆ ಅನ್ನಿಸಿದ್ದು ಸಹಜವೇ. ಕಲ್ಲಿನಲ್ಲಿ ಇರುವುದು ನಿಂತ ಮೂರ್ತಿಯೇ ತಾನೆ. ವೇದಿಕೆಯ ಮೇಲೆ ಎರಡು ಅಡವುಗಳ ನಡುವೆ ಕ್ಷಣಕಾಲ ಶಿಲೆಯಂತೆ ನಿಂತು ಚಪ್ಪಾಳೆ ಗಿಟ್ಟಿಸುವುದನ್ನು ‘ಕರಣ ಪ್ರಯೋಗ’ ಎಂದು ಕರೆದವರೂ ಇದ್ದರು.

ಕುಣಿಯಬಲ್ಲವರು ಓದಲು ಕುಳಿತಾಗ ಮೊದಲು ಅಲುಗಾಡಿದ್ದು ಈ ಭಾವನೆ. ಕರಣಗಳ ಲಕ್ಷಣದಲ್ಲಿ ಚಾರಿಗಳ ಹೆಸರು ಬರುತ್ತದೆ. ಚಾರಿ ಎಂದರೆ ಕಾಲಿನ ಚಲನೆ, ನಿಂತ ಕಾಲಿಗೆ ಆ ಹೆಸರು ಸಲ್ಲದು. ಕಾಲನ್ನು ಎತ್ತಿ, ಎಸೆದು, ತಿರುಗಿಸಿ, ಇಳಿಸಿ ಎಂದು ಹೇಳುವ ಕ್ರಿಯಾಪದಗಳ ಸಾಲನ್ನು ಒಂದು ಭಂಗಿಯೊಳಗೆ ತುರುಕುವುದು ಹೇಗೆ? ಲಲಾಟತಿಲಕವೆಂಬ ಕರಣವನ್ನು ನೋಡಿ. ಕಾಲನ್ನು ಚೇಳಿನ ಕೊಂಡಿಯಂತೆ ಬೆನ್ನ ಹಿಂದಿನಿಂದ ಎತ್ತಿ, ಅದರ ಹೆಬ್ಬೆರಳಿನಿಂದ ಹಣೆಗೆ ತಿಲಕವಿಡಬೇಕು. ಓದಿ ಮುಗಿಸಲು ಕಾಲು ನಿಮಿಷ. ಆದರೆ ಮಾಡಹೊರಟವಳಿಗೆ ಆ ಹೆಬ್ಬೆರಳು ಹಣೆಯನ್ನು ಮುಟ್ಟಿದ ಕ್ಷಣ ಪ್ರಯಾಣದ ಒಂದು ನಿಲ್ದಾಣ ಮಾತ್ರ. ಅಲ್ಲಿಗೆ ಹೋಗಬೇಕು, ಅಲ್ಲಿಂದ ಹಿಂದಿರುಗಬೇಕು, ಒಂಟಿಕಾಲಿನ ಮೇಲೆ ತೂಕ ತಪ್ಪದಂತೆ ಬೆನ್ನು ಎದೆಗಳು ಅದಕ್ಕೆ ಸಿದ್ಧವಾಗಬೇಕು. ಶಿಲ್ಪಿ ಆ ಪ್ರಯಾಣದಲ್ಲಿ ಎಲ್ಲಿಯೋ ಒಂದೆಡೆ ಅವಳನ್ನು ಹಿಡಿದು ನಿಲ್ಲಿಸಿದ್ದಾನೆ. ಒಬ್ಬ ಶಿಲ್ಪಿ ಆರಂಭವನ್ನು ಹಿಡಿದ, ಇನ್ನೊಬ್ಬ ಮಧ್ಯವನ್ನು, ಮತ್ತೊಬ್ಬ ಮುಗಿತಾಯವನ್ನು. ತಂಜಾವೂರಿನ ಕರಣಕ್ಕೂ ಚಿದಂಬರದ ಅದೇ ಕರಣಕ್ಕೂ ಹೋಲಿಕೆ ತಪ್ಪಿದಾಗ, ಯಾರೋ ಒಬ್ಬರು ತಪ್ಪಿದ್ದಾರೆಂದು ಹಿಂದಿನವರು ಬಗೆಯುತ್ತಿದ್ದರು. ಇಬ್ಬರೂ ಸರಿ, ಹಿಡಿದ ಗಳಿಗೆ ಬೇರೆ ಎಂದು ಹೇಳುವುದಕ್ಕೆ ಆ ದಾರಿಯನ್ನು ತನ್ನ ಮೈಯಲ್ಲಿ ನಡೆದು ನೋಡಿದವರೇ ಬೇಕಾಯಿತು.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾದಾಮಿಗೆ ಹೋದವರು ಮೊದಲನೆಯ ಗುಹೆಯ ಹೊರಗೆ ಹದಿನೆಂಟು ಕೈಗಳ ನಟರಾಜನನ್ನು ನೋಡಿರುತ್ತಾರೆ. ಆರನೆಯ ಶತಮಾನದ ಕೆಲಸ. ಇಷ್ಟೊಂದು ಕೈ ಏಕೆ ಎಂದು ಮಕ್ಕಳು ಕೇಳಿದರೆ ದೇವರಿಗೆ ಶಕ್ತಿ ಹೆಚ್ಚು ಎಂದು ಉತ್ತರ ಹೇಳಿ ಮುಂದಿನ ಗುಹೆಗೆ ಕರೆದೊಯ್ಯುವುದು ವಾಡಿಕೆ. ನರ್ತಕಿಯ ಕಣ್ಣು ಅಲ್ಲಿ ಬೇರೊಂದನ್ನು ಕಂಡೀತು: ಒಂದೇ ಕೈ ಕ್ಷಣಕ್ಷಣಕ್ಕೆ ಹಾಯ್ದುಹೋದ ಎಡೆಗಳನ್ನೆಲ್ಲ ಒಟ್ಟಿಗೆ ಕಡೆದಿಟ್ಟಂತೆ. ಶಿಲ್ಪಿಯ ಉದ್ದೇಶ ಅದೇ ಆಗಿತ್ತೆಂದು ಪ್ರಮಾಣ ಮಾಡಿ ಹೇಳಲಾಗದು. ಆದರೆ ಹಾಗೆ ನೋಡಿದಾಗ ಕಲ್ಲು ಚಲಿಸುವುದಂತೂ ನಿಜ.

ಈ ದೃಷ್ಟಿಗೆ ಬಲ ತಂದುಕೊಟ್ಟವರಲ್ಲಿ ಇಬ್ಬರ ಹೆಸರು ಮುಖ್ಯ. ಕಪಿಲಾ ವಾತ್ಸ್ಯಾಯನರು (1928–2020) ಕಥಕ್ ಮಣಿಪುರಿಗಳನ್ನು ಗುರುಮುಖದಿಂದ ಕಲಿತವರು. 1968ರಲ್ಲಿ ಹೊರಬಂದ ಅವರ ಬೃಹದ್ಗ್ರಂಥ ಸಾಹಿತ್ಯ, ಶಿಲ್ಪ, ನೃತ್ಯಗಳನ್ನು ಒಂದೇ ನೋಟದಲ್ಲಿ ಹಿಡಿಯಿತು. ಅವರು ವೃತ್ತಿನರ್ತಕಿಯಾಗಿ ಉಳಿಯಲಿಲ್ಲ. ಎರಡನೆಯವರಾದ ಪದ್ಮಾ ಸುಬ್ರಹ್ಮಣ್ಯಂ ಅವರು ಉಳಿದರು. ಆದುದರಿಂದಲೇ ಅವರ ವಿಷಯ ಇಲ್ಲಿ ಹೆಚ್ಚು ಪ್ರಸ್ತುತ.

ಅವರು ಹುಟ್ಟಿದ್ದು 1943ರಲ್ಲಿ, ಮದರಾಸಿನಲ್ಲಿ. ತಂದೆ ಹೆಸರಾಂತ ಚಿತ್ರನಿರ್ದೇಶಕ ಕೆ. ಸುಬ್ರಹ್ಮಣ್ಯಂ, ಅವರೇ 1942ರಲ್ಲಿ ನೃತ್ಯೋದಯವೆಂಬ ಶಾಲೆಯನ್ನು ಸ್ಥಾಪಿಸಿದ್ದರು. ಗುರು ವಳುವೂರು ರಾಮಯ್ಯ ಪಿಳ್ಳೆ. ಮನೆಯಲ್ಲಿ ಸಂಗೀತ, ಶಾಲೆಯಲ್ಲಿ ನೃತ್ಯ, ಎಳೆಯ ವಯಸ್ಸಿನಲ್ಲೇ ಕೀರ್ತಿ. ಇಷ್ಟಿದ್ದವರು ಸುಖವಾಗಿ ವರ್ಣ, ಪದ, ತಿಲ್ಲಾನಗಳನ್ನು ಆಡಿಕೊಂಡು ಇರಬಹುದಾಗಿತ್ತು. ಅವರು ಕರಣಗಳ ಬೆನ್ನು ಹತ್ತಿದರು. ಅಣ್ಣಾಮಲೈ ವಿಶ್ವವಿದ್ಯಾಲಯಕ್ಕೆ ಕರಣಗಳ ಮೇಲೆ ಪ್ರಬಂಧ ಸಲ್ಲಿಸಿ ಡಾಕ್ಟರೇಟ್ ಪಡೆದರು. ಆ ವಿಶ್ವವಿದ್ಯಾಲಯ ಇರುವುದೂ ಚಿದಂಬರದಲ್ಲಿಯೇ, ಕಲ್ಲಿನ ನರ್ತಕಿಯರ ನೆರೆಯಲ್ಲಿ.

ಅವರು ಹಿಡಿದ ಮಾರ್ಗ ಹೀಗೆ. ಶ್ಲೋಕವನ್ನು ಬಿಡಿಸಬೇಕು, ಅಭಿನವಗುಪ್ತ ಏನು ಹೇಳುತ್ತಾನೆಂದು ನೋಡಬೇಕು, ಅದೇ ಗ್ರಂಥದ ಬೇರೆ ಅಧ್ಯಾಯಗಳಲ್ಲಿ ಬರುವ ಸ್ಥಾನ, ಚಾರಿ, ನೃತ್ತಹಸ್ತಗಳ ಲಕ್ಷಣವನ್ನು ತಂದು ಜೋಡಿಸಬೇಕು, ಬೇರೆ ಬೇರೆ ದೇವಾಲಯಗಳಲ್ಲಿ ಆ ಕರಣ ಯಾವ ಯಾವ ಗಳಿಗೆಯಲ್ಲಿ ಸಿಕ್ಕಿಬಿದ್ದಿದೆಯೆಂದು ಗುರುತಿಸಬೇಕು. ಆಮೇಲೆ ಎದ್ದು ನಿಂತು ಇವೆಲ್ಲವನ್ನೂ ಮುಟ್ಟಿಕೊಂಡು ಹೋಗುವ ಒಂದು ಚಲನೆ ಸಾಧ್ಯವೇ ಎಂದು ಮೈಯನ್ನು ಕೇಳಬೇಕು. ಹಲವು ಸಲ ಮೈ ಆಗದೆನ್ನುತ್ತದೆ. ಆಗ ಓದಿದ್ದು ತಪ್ಪೋ, ಮೈಗೆ ಅಭ್ಯಾಸ ಸಾಲದೋ ಎಂಬುದು ತಿಳಿಯಬೇಕಾದರೆ ವಾರಗಟ್ಟಲೆ ಸಾಧನೆ ಮಾಡಬೇಕು. ಗ್ರಂಥಭಂಡಾರದ ಸಂಶೋಧಕನಿಗೆ ಸಂಶಯ ಬಂದರೆ ಇನ್ನೊಂದು ಪುಸ್ತಕ ತೆಗೆದರಾಯಿತು. ಇಲ್ಲಿ ಸಂಶಯದ ಬೆಲೆಯನ್ನು ಸ್ನಾಯುಗಳು ತೆರಬೇಕು.

ಈ ಅನ್ವೇಷಣೆ ಅವರನ್ನು ಸಮುದ್ರದಾಚೆಗೂ ಒಯ್ದಿತು. ಮಧ್ಯ ಜಾವಾದ ಪ್ರಂಬಾನನ್ ದೇವಾಲಯ ಒಂಬತ್ತನೆಯ ಶತಮಾನದ್ದು, ಎಂದರೆ ತಂಜಾವೂರಿಗಿಂತಲೂ ಹಳೆಯದು. ಅಲ್ಲಿಯ ಶಿವಾಲಯದ ಜಗಲಿಯ ಸುತ್ತಲಿನ ನರ್ತನಶಿಲ್ಪಗಳಲ್ಲಿ ಅವರು ಭರತನ ಕರಣಗಳನ್ನು ಗುರುತಿಸಿದರು. 2003ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಅವರ ಗ್ರಂಥ ಭಾರತ ಇಂಡೋನೇಷ್ಯಾಗಳಿಗೆ ಸಮಾನವಾದ ನರ್ತನಸೂತ್ರಗಳೆಂದೇ ಕರಣಗಳನ್ನು ವಿವರಿಸುತ್ತದೆ. ಕಂಚಿಯ ಪರಮಾಚಾರ್ಯರ ಇಚ್ಛೆಯಂತೆ ಮಹಾರಾಷ್ಟ್ರದ ಸಾತಾರಾದಲ್ಲಿ ನಟರಾಜಾಲಯ ಎದ್ದಾಗ 108 ಕರಣಗಳ ಶಿಲ್ಪಗಳನ್ನು ರೂಪಿಸಿಕೊಟ್ಟವರೂ ಅವರೇ. ಶಿವಪಾರ್ವತಿಯರಿಬ್ಬರನ್ನೂ ಕೂಡಿಸಿ, ಒಂದೇ ಕರಣದ ಬೇರೆ ಬೇರೆ ಕ್ಷಣಗಳು ಒಂದೇ ಫಲಕದಲ್ಲಿ ಕಾಣುವಂತೆ ಅವನ್ನು ಯೋಜಿಸಿದರು. ಕಲ್ಲಿನಿಂದ ಮೈಗೆ ಬಂದದ್ದು ಮೈಯಿಂದ ಮರಳಿ ಕಲ್ಲಿಗೆ ಹೋಯಿತು. 1981ರಲ್ಲಿ ಪದ್ಮಶ್ರೀ, 2003ರಲ್ಲಿ ಪದ್ಮಭೂಷಣ, 2024ರಲ್ಲಿ ಪದ್ಮವಿಭೂಷಣ. ಮನ್ನಣೆಗೆ ಕೊರತೆಯಾಗಲಿಲ್ಲ.

ಆಕ್ಷೇಪಣೆಗಳಿಗೂ ಕೊರತೆಯಾಗಲಿಲ್ಲ. ಅವುಗಳಲ್ಲಿ ಒಂದು ಮಾತ್ರ ತೂಕದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತನ್ನ ಕಲೆಯನ್ನು ತಾನೇ ಸಂಶೋಧಿಸುವವಳು ಏಕಕಾಲಕ್ಕೆ ಸಾಕ್ಷಿಯೂ ಹೌದು, ನ್ಯಾಯಾಧೀಶೆಯೂ ಹೌದು. ಅವಳ ಮೈ ಬರಿಯ ಹಲಗೆಯಲ್ಲ. ಅದರ ಮೇಲೆ ಬಾಲ್ಯದಿಂದ ಗುರು ಬರೆದ ಬರಹವಿದೆ. ಭರತನಾಟ್ಯದ ಪಾಠ ಮುಂಡವನ್ನು ನೆಟ್ಟಗೆ ಹಿಡಿ, ಮಂಡಿಯನ್ನು ಹೊರಗೆ ತಿರುಗಿಸು ಎನ್ನುತ್ತದೆ. ಕರಣಗಳು ಸೊಂಟ, ಪಕ್ಕ, ಎದೆಗಳ ಆಟವನ್ನು ಬೇಡುತ್ತವೆ. ಎರಡು ಬಿಂದುಗಳ ನಡುವೆ ಶಾಸ್ತ್ರ ಮೌನವಾಗಿರುವಾಗ ಆ ಎಡೆಯನ್ನು ಮೈ ತುಂಬುತ್ತದೆ. ಯಾವುದರಿಂದ ತುಂಬುತ್ತದೆ? ತನಗೆ ಗೊತ್ತಿರುವುದರಿಂದ, ತನಗೆ ಚೆಲುವೆನಿಸುವುದರಿಂದ. ಸಾವಿರ ವರ್ಷಗಳ ಹಿಂದಿನ ನರ್ತಕಿಗೆ ಅದೇ ಚೆಲುವೆನಿಸಿತ್ತೆಂದು ಹೇಳುವವರು ಯಾರು? ಇಬ್ಬರು ನರ್ತಕಿಯರು ಇದೇ ಶ್ಲೋಕ, ಇದೇ ಶಿಲ್ಪಗಳನ್ನು ಮುಂದಿಟ್ಟುಕೊಂಡು ಎರಡು ಬಗೆಯಾಗಿ ಕುಣಿದರೆ ತೀರ್ಪು ಕೊಡಲು ಮೂರನೆಯವರಿಲ್ಲ.

ಇದಕ್ಕೆ ಪೂರ್ಣವಾದ ಉತ್ತರವಿಲ್ಲ. ಇರುವುದೆಂದರೆ ಪ್ರಾಮಾಣಿಕತೆಯ ದಾರಿ. ಪದ್ಮಾ ಅವರು ತಮ್ಮ ಪದ್ಧತಿಗೆ ಭರತನೃತ್ಯಂ ಎಂದು ಬೇರೆಯ ಹೆಸರಿಟ್ಟರು. ಹೆಸರಿನಲ್ಲಿ ಏನಿದೆ ಎಂದು ಕೇಳಬಹುದು. ಇಲ್ಲಿ ಬಹಳ ಇದೆ. ಗುರುಪರಂಪರೆಯಿಂದ ಬಂದ ಭರತನಾಟ್ಯವೆಂಬ ಹೆಸರಿನಡಿಯಲ್ಲಿಯೇ ತಮ್ಮ ಪುನಾರಚನೆಯನ್ನು ಸದ್ದಿಲ್ಲದೆ ಸೇರಿಸಿಬಿಡಬಹುದಾಗಿತ್ತು. ಹಾಗೆ ಮಾಡಿದವರು ಕಡಿಮೆಯಿಲ್ಲ. ಭರತನಾಟ್ಯವೆಂಬ ಹೆಸರಾದರೂ ವ್ಯಾಪಕವಾಗಿ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕೆ ಮೊದಲು ಅದು ಸದಿರು. ಅಲರಿಪ್ಪಿನಿಂದ ತಿಲ್ಲಾನದವರೆಗಿನ ಇಂದಿನ ಕ್ರಮಕ್ಕೆ ರೂಪ ಕೊಟ್ಟವರು ಹತ್ತೊಂಬತ್ತನೆಯ ಶತಮಾನದ ತಂಜಾವೂರಿನ ನಾಲ್ವರು ಸೋದರರು. ಅವರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದರು. ಓದಲು ಕುಳಿತ ನರ್ತಕಿಗೆ ಕಠಿನವೆನಿಸುವ ಪಾಠ ಇದೇ. ಎರಡು ಸಾವಿರ ವರ್ಷಗಳದೆಂದು ತಿಳಿದದ್ದರಲ್ಲಿ ಬಹುಭಾಗ ಇನ್ನೂರು ವರ್ಷಗಳದು. ಹಳೆಯದೆಂದು ತಾನು ಮತ್ತೆ ಕಂಡುಕೊಂಡದ್ದರಲ್ಲಿ ಕೆಲವು ಪಾಲು ತನ್ನದೇ. ಇದನ್ನು ಒಪ್ಪಿಕೊಂಡು ಅದೇ ಸಂಜೆ ವೇದಿಕೆ ಹತ್ತಿ ವಿಶ್ವಾಸದಿಂದ ಕುಣಿಯಬೇಕು. ಸುಲಭವಲ್ಲ.

ಇನ್ನೊಂದು ಕಷ್ಟವನ್ನು ವಿಶ್ವವಿದ್ಯಾಲಯಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಂಡಿತನ ವಿದ್ಯೆ ವಯಸ್ಸಾದಷ್ಟೂ ಹೆಚ್ಚುತ್ತದೆ. ನರ್ತಕಿಯ ಕಾಲಿಗೆ ಗಡುವು ಉಂಟು. ಕಾಲು ತಲೆಯ ಮಟ್ಟಕ್ಕೆ ಏಳುವ ವರ್ಷಗಳು ಎಷ್ಟು? ಸಂಸ್ಕೃತ ಕಲಿಯಲು, ಹಸ್ತಪ್ರತಿ ನೋಡಲು, ದೇವಾಲಯದಿಂದ ದೇವಾಲಯಕ್ಕೆ ಅಲೆಯಲು, ಪ್ರಬಂಧ ಬರೆಯಲು ಹೋಗುವುದು ಆ ವರ್ಷಗಳೇ. ಬೆಳಗಿನ ಸಾಧನೆಯ ಹೊತ್ತನ್ನು ಓದು ತಿಂದರೆ ತಿಂಗಳೊಳಗೆ ಮಂಡಿ ಹೇಳುತ್ತದೆ. ಓದನ್ನು ಸಾಧನೆ ತಿಂದರೆ ಹೇಳುವವರಾರೂ ಇಲ್ಲ. ಸಂಸಾರವಂದಿಗರಾದರೆ ಮಗುವಿನ ಶಾಲೆ, ಅತ್ತೆಮಾವಂದಿರ ಆರೈಕೆ ಇವೂ ಸೇರಿದವು. ಇಂದು ಬೆಂಗಳೂರು ಮೈಸೂರುಗಳಲ್ಲಿ ನೃತ್ಯದಲ್ಲಿ ಎಂ.ಎ. ಮಾಡಿ ಡಾಕ್ಟರೇಟಿಗೆ ಬರೆಯುತ್ತಿರುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಅವರಲ್ಲಿ ಯಾರ ಪ್ರಬಂಧದಲ್ಲಿಯೂ ಈ ಲೆಕ್ಕ ಅಚ್ಚಾಗುವುದಿಲ್ಲ.

ನರ್ತನವನ್ನೂ ಓದನ್ನೂ ಒಂದೇ ಬಾಳಿನಲ್ಲಿ ನಡೆಸಿದವರು ಕನ್ನಡನಾಡಿನಲ್ಲಿ ಇರಲಿಲ್ಲವೆಂದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಯು.ಎಸ್. ಕೃಷ್ಣರಾಯರು (1912–2005) ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು, ಪತ್ನಿ ಚಂದ್ರಭಾಗಾದೇವಿಯವರೊಡನೆ ಊರೂರಿನಲ್ಲಿ ನರ್ತಿಸಿದರು. ಭರತನಾಟ್ಯದ ಪದಗಳಿಗೆ ಇಂಗ್ಲಿಷಿನಲ್ಲೊಂದು ನಿಘಂಟನ್ನೂ ರಚಿಸಿದರು. ರಂಗಭೂಮಿಯ ಕಡೆಯಿಂದ ಬಂದ ಆದ್ಯ ರಂಗಾಚಾರ್ಯರು (1904–1984) ನಾಟ್ಯಶಾಸ್ತ್ರವನ್ನು ಕನ್ನಡಿಸಿದ್ದರಿಂದ, ಸಂಸ್ಕೃತ ಬಾರದ ನಮ್ಮ ಹುಡುಗಿಯೂ ನಾಲ್ಕನೆಯ ಅಧ್ಯಾಯವನ್ನು ತೆರೆಯಬಹುದಾಗಿದೆ.

ಇಷ್ಟಾದರೂ, ಓದಿನ ಈ ಉತ್ಸಾಹ ಒಂದು ಕಡೆ ಕಣ್ಣು ಹಾಯಿಸದೆ ಹೋಯಿತೆಂಬುದನ್ನು ಹೇಳದಿದ್ದರೆ ಪಕ್ಷಪಾತವಾದೀತು. ಎರಡು ಸಾವಿರ ವರ್ಷ ಹಿಂದಕ್ಕೆ ನೋಡುತ್ತಿದ್ದವರಿಗೆ ಪಕ್ಕದ ಬೀದಿಯಲ್ಲಿ ಕುಳಿತಿದ್ದವರು ಕಾಣಲಿಲ್ಲ. ಸದಿರನ್ನು ತಲೆಮಾರುಗಳಿಂದ ಕಾಪಾಡಿ ತಂದವರು ದೇವದಾಸಿ ಮನೆತನಗಳ ಹೆಂಗಸರು. ಸಮಾಜ ಅವರನ್ನು ಹೀನಾಯವಾಗಿ ಕಂಡಿತು. ಮದರಾಸು ಪ್ರಾಂತದಲ್ಲಿ 1947ರ ಶಾಸನ ಆ ಪದ್ಧತಿಯನ್ನೇ ನಿಷೇಧಿಸಿತು. ಪದ್ಧತಿ ಹೋದದ್ದಕ್ಕೆ ಯಾರೂ ಮರುಗಬೇಕಾಗಿಲ್ಲ; ಅದರೊಡನೆ ಅವರ ವಿದ್ಯೆಯೂ ಅಂಗಳಕ್ಕೆ ಬಿತ್ತಲ್ಲ, ಅದಕ್ಕೆ ಮರುಗಬೇಕು. ವೀಣೆ ಧನಮ್ಮಾಳರ ಮೊಮ್ಮಗಳು ಬಾಲಸರಸ್ವತಿ (1918–1984) ಈ ವಿದ್ಯೆಯ ಪರವಾಗಿ ಎದೆಗೊಟ್ಟು ನಿಂತರು. ಮೈಯಿಂದ ಮೈಗೆ ಹರಿದು ಬಂದದ್ದೇ ಪ್ರಮಾಣ, ಕಲ್ಲು ನೋಡಿ ಕಲಿಯಬೇಕಾದ್ದು ಏನೂ ಇಲ್ಲ ಎಂಬುದು ಅವರ ನಿಲುವಿನ ತಿರುಳು. ಹಾಗೆಂದು ಅವರು ವಿದ್ವತ್ತಿಗೆ ವಿರೋಧಿಗಳಾಗಿರಲಿಲ್ಲ. ಸಂಸ್ಕೃತ ವಿದ್ವಾಂಸ ವಿ. ರಾಘವನ್ ಅವರೊಡನೆ ಸೇರಿ ತಮಿಳಿನಲ್ಲಿ ಭರತನಾಟ್ಯದ ಮೇಲೆ ಪುಸ್ತಕವನ್ನೇ ಬರೆದವರು.

ನಮ್ಮ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರು (1857–1947) ಇದ್ದರು, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು (1906–2002) ಇದ್ದರು. ವೆಂಕಟಲಕ್ಷಮ್ಮನವರು ಹುಟ್ಟಿದ್ದು ಕಡೂರಿನ ಕಡೆಯ ಒಂದು ಲಂಬಾಣಿ ತಾಂಡ್ಯದಲ್ಲಿ. ಬಾಲ್ಯದಲ್ಲಿ ಮೈಸೂರಿಗೆ ಬಂದು ತಾಯಮ್ಮನವರ ಮನೆಯ ಶಿಷ್ಯೆಯಾದರು. ಅರಮನೆಯ ವಿದ್ವಾಂಸರಿಂದ ಸಂಸ್ಕೃತ ಕಲಿತರು, ಸಂಗೀತವನ್ನೂ ಕಲಿತರು. ಅಮರುಕನ ಶ್ಲೋಕವನ್ನೋ ಅಷ್ಟಪದಿಯನ್ನೋ ಕನ್ನಡದ ಜಾವಳಿಯನ್ನೋ ತೆಗೆದುಕೊಂಡು, ಕುಳಿತಲ್ಲಿಂದ ಏಳದೆ, ಒಂದೇ ಸಾಲಿಗೆ ಭಾವದ ಮೇಲೆ ಭಾವವನ್ನು ಹೆಣೆಯುವ ಅಭಿನಯ ಅವರದು. ಒಂದೊಂದು ಪದಕ್ಕೂ ಅರ್ಥ ಬಿಡಿಸಿ, ಅದು ಕಣ್ಣಿಗೆ ಹೇಗೆ ಬರಬೇಕೆಂದು ವರ್ಷಗಟ್ಟಲೆ ತಿದ್ದಿ ತೀಡುವುದು ಸಂಶೋಧನೆಯಲ್ಲದೆ ಮತ್ತೇನು? ಅದಕ್ಕೆ ಅಡಿಟಿಪ್ಪಣಿ ಇರಲಿಲ್ಲ, ಅಷ್ಟೇ. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯದ ಪಾಠ ಆರಂಭವಾದಾಗ ಅವರನ್ನೇ ಕರೆದು ಕೂರಿಸಿದ್ದು ವಿಶ್ವವಿದ್ಯಾಲಯದ ವಿವೇಕ. 1992ರಲ್ಲಿ ಪದ್ಮಭೂಷಣವೂ ಬಂತು.

ಕರಣಗಳ ಸಂಶೋಧಕಿಗೆ ಒಂದು ನೆಮ್ಮದಿ ಉಂಟು: ಅವಳ ಆಕರ ಕಲ್ಲು, ಕಾಯುತ್ತದೆ. ತಂಜಾವೂರಿನ 81 ಶಿವಮೂರ್ತಿಗಳು ಇನ್ನೂ ಸಾವಿರ ವರ್ಷ ಅಲ್ಲಿಯೇ ಇದ್ದಾವು. ಮೈಸೂರು ಪದ್ಧತಿಯ ಅಭಿನಯವನ್ನು ಅಭ್ಯಾಸ ಮಾಡಹೊರಟ ನರ್ತಕಿಗೆ ಆ ನೆಮ್ಮದಿ ಇಲ್ಲ. ಅವಳ ಆಕರಗಳಿಗೆ ಎಪ್ಪತ್ತು ಎಂಬತ್ತು ವರ್ಷ ವಯಸ್ಸಾಗಿದೆ, ಮಂಡಿನೋವಿದೆ, ಮಧ್ಯಾಹ್ನ ನಿದ್ದೆ ಬರುತ್ತದೆ. ವೆಂಕಟಲಕ್ಷಮ್ಮನವರ ಎದುರು ಕುಳಿತು ಕಲಿತವರಲ್ಲಿ ಇನ್ನೂ ಪಾಠ ಹೇಳುತ್ತಿರುವವರು ಇದ್ದಾರೆ. ಅವರ ಮನೆಯ ಜಗಲಿಯ ಮೇಲೆ ಟಿಪ್ಪಣಿಪುಸ್ತಕ ಹಿಡಿದು ಕುಳಿತವಳು ಕೇಳಬೇಕಾದ ಪ್ರಶ್ನೆಗಳು ಯಾವ ಶಾಸ್ತ್ರದಲ್ಲಿಯೂ ಇಲ್ಲ: ಆ ಜಾವಳಿಯ ಎರಡನೆಯ ಸಾಲಿಗೆ ಅಮ್ಮನವರು ಮೊದಲು ಎತ್ತುತ್ತಿದ್ದದ್ದು ಹುಬ್ಬನ್ನೋ, ರೆಪ್ಪೆಯನ್ನೋ? ನಗು ಕಣ್ಣಿನಲ್ಲಿ ಮುಗಿಯುತ್ತಿತ್ತೋ, ತುಟಿಯವರೆಗೆ ಇಳಿಯುತ್ತಿತ್ತೋ? ಉತ್ತರವನ್ನು ಬಾಯಿಯಲ್ಲಿ ಹೇಳಲು ಆ ಹಿರಿಯರು ತಡವರಿಸುತ್ತಾರೆ. ಸ್ವಲ್ಪ ಹಾಡು ನೋಡೋಣ ಎನ್ನುತ್ತಾರೆ. ಅವಳು ಪುಸ್ತಕವನ್ನು ಪಕ್ಕಕ್ಕಿಟ್ಟು ಹಾಡತೊಡಗುತ್ತಾಳೆ.